ಗೇಮ್ ಬಾಯ್ ದಾರಿದ್ರ್ಯ ಮೀಮಾಂಸೆ

ಉಪೋದ್ಘಾತ
ಯಂತ್ರಗಳು ಎರಡು ವಿಧ: ಉಳ್ಳವು, ಇಲ್ಲದವು. ಉಳ್ಳವನ್ನು ಹೊಗಳಲು ಜಾಹೀರಾತಿನವರಿದ್ದಾರೆ. ಇಲ್ಲದವಕ್ಕೆ ಶಾಸ್ತ್ರಕಾರರೇ ಗತಿ. ಆದಕಾರಣ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಅವತರಿಸಿದ ನಿಂಟೆಂಡೊ ಗೇಮ್ ಬಾಯ್ ಎಂಬ ಬೂದು ಪೆಟ್ಟಿಗೆಯ ಆಸ್ತಿಪಾಸ್ತಿಯನ್ನು ಇಲ್ಲಿ ಯಥಾವಿಧಿ ವಿಚಾರಿಸಲಾಗುವುದು. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಹೊಸ ಫೋನಿನ ರ‍್ಯಾಮ್ ಎಷ್ಟೆಂದು ತಿಳಿಯದೆ ಅನ್ನ ಮುಟ್ಟದವನು. ಪ್ರಯೋಜನ: ಆ ಚಟದಿಂದ ಮುಕ್ತಿ.

ಸೂತ್ರ 1: ಇರುವುದು ಎಂಟೇ.
ಭಾಷ್ಯ: ಎಂಟೆಂದರೆ ಜಿಬಿ ಎಂದು ಆಧುನಿಕರು ಭ್ರಮಿಸುವುದುಂಟು. ಎಂಬಿಯೂ ಅಲ್ಲ, 8 ಕಿಲೋಬೈಟ್ ರ‍್ಯಾಮ್. ಚಿತ್ರದ ಬಾಬ್ತಿಗೆ ಬೇರೆ 8 ಕಿಲೋಬೈಟ್. ಶಾರ್ಪ್ ಕಂಪನಿಯ ಪ್ರೊಸೆಸರಿನ ವೇಗ ಸುಮಾರು 4.19 ಮೆಗಾಹರ್ಟ್ಸ್. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಈ ಪ್ರಬಂಧವನ್ನು ಆ ಎಂಟರೊಳಗೆ ತುರುಕಿದರೆ ಬಹುಪಾಲು ಜಾಗ ತುಂಬಿ ಆಟಕ್ಕೆ ಸ್ವಲ್ಪವೇ ಉಳಿಯುತ್ತದೆ.

ಸೂತ್ರ 2: ಹನ್ನೊಂದನೆಯದು ಇದ್ದೂ ಇಲ್ಲ.
ಭಾಷ್ಯ: ಪರದೆಯಲ್ಲಿ ಅಡ್ಡ 160, ಉದ್ದ 144 ಚುಕ್ಕಿ, ಬಣ್ಣವೆಂದರೆ ಹಸಿರುಹಳದಿಯ ನಾಲ್ಕು ಛಾಯೆ. ಹಿಂಬೆಳಕಿಲ್ಲದ್ದರಿಂದ ಸಾಧಕನು ಕಿಟಕಿಯ ಬಳಿಯೇ ಆಸನ ಹಾಕತಕ್ಕದ್ದು. ಓಡಾಡುವ ಬೊಂಬೆಗಳು ಒಮ್ಮೆಗೆ ನಲವತ್ತು. ಆದರೆ ಒಂದು ಗೆರೆಯಲ್ಲಿ ಹತ್ತೇ. ಹನ್ನೊಂದನೆಯ ರಾಕ್ಷಸ ಅದೇ ಗೆರೆಗೆ ಬಂದರೆ ಕಾಣುವುದಿಲ್ಲ. ಡಿಕ್ಕಿ ಹೊಡೆದರೆ ಮಾತ್ರ ಪ್ರಾಣ ಹೋಗುತ್ತದೆ. ಮಾಯಾವಾದಿಗಳು ಇದನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಬಹುದು. ಅವಸರ ಬೇಡ: ಕಾಣಿಸದೇ ಇರುವುದು ಚಿತ್ರದ ಚಿಪ್ಪಿನ ಮಿತಿ, ಕೊಲ್ಲುವುದು ಪ್ರೋಗ್ರಾಮಿನ ಲೆಕ್ಕ.

ಪೂರ್ವಪಕ್ಷ
ಪ್ರತಿವಾದಿ ಕೇಳುತ್ತಾನೆ: ಅದೇ 1989ರಲ್ಲಿ ಅಟಾರಿ ಲಿಂಕ್ಸ್ ಬಣ್ಣದ ಪರದೆ, ಹಿಂಬೆಳಕುಗಳೊಡನೆ ಬಂತು, ಮರುವರ್ಷ ಸೆಗಾ ಗೇಮ್ ಗಿಯರ್ ಕೂಡ ಅಷ್ಟೇ ವೈಭವದಿಂದ ಬಂತು. ಎರಡೂ ಗೇಮ್ ಬಾಯ್ ಮುಂದೆ ಸೋತವು. ಬಡತನವೇ ಗೆಲುವಿಗೆ ಕಾರಣವಾದರೆ ದಾರಿಬದಿಯ ಕಲ್ಲೇ ಪರಮೋಚ್ಚ ಯಂತ್ರವಲ್ಲವೆ? ಅದಕ್ಕೆ ರ‍್ಯಾಮ್ ಸೊನ್ನೆ, ಸೆಲ್ಲಿನ ಖರ್ಚೂ ಸೊನ್ನೆ.

ಸಿದ್ಧಾಂತ
ಅಲ್ಲ, ಕಲ್ಲಿನಲ್ಲಿ ಟೆಟ್ರಿಸ್ ನಡೆಯದು. ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಗೇ ಕೊಟ್ಟ ಆ ಆಟ 32 ಕಿಲೋಬೈಟಿನಲ್ಲಿ ಮುಗಿಯುತ್ತದೆ. ಬೀಳುವ ತುಂಡುಗಳಿಗೆ ಆಕಾರ ಸಾಕು, ಬಣ್ಣ ಬೇಡ. ಯಂತ್ರದ ನಿಜವಾದ ಆಸ್ತಿ ರ‍್ಯಾಮ್ ಅಲ್ಲ, ಪೆನ್ಸಿಲ್ ಸೆಲ್. ಗೇಮ್ ಗಿಯರ್ ಆರು ಸೆಲ್ ನುಂಗಿ ಮೂರರಿಂದ ಐದು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಗೇಮ್ ಬಾಯ್ ನಾಲ್ಕರಲ್ಲೇ ಹತ್ತು ಗಂಟೆಗೂ ಮೀರಿ ಬಾಳುತ್ತಿತ್ತು. ಇದಕ್ಕೆ ಮೂಲ ಹಿಂಬೆಳಕಿನ ತ್ಯಾಗ. ಮೇಲೆ ಹಾಲ್ಟ್ ಎಂಬ ಆಜ್ಞೆ. ಕೈಯಲ್ಲಿದ್ದ ಕೆಲಸ ಮುಗಿದರೆ ಮುಂದಿನ ಕರೆ ಬರುವವರೆಗೆ ಪ್ರೊಸೆಸರ್ ಮಲಗಬೇಕೆಂಬುದು ಅದರ ತಾತ್ಪರ್ಯ. ಕಚೇರಿಗಳಲ್ಲೂ ಈ ಆಜ್ಞೆ ಜಾರಿಯಲ್ಲಿದೆ. ಆದರೆ ಅಲ್ಲಿ ಕರೆ ಬಂದರೂ ಏಳುವ ಪದ್ಧತಿಯಿಲ್ಲ.

ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಉಪಯೋಗಕ್ಕೆ ತಿರುಗಿಸಬೇಕೆಂಬುದು ಗೇಮ್ ಬಾಯ್ ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೇ ಯೊಕೊಯಿ ಅವರ ದರ್ಶನ. ಪ್ರಮಾಣ ಬೇಕೆನ್ನುವವರಿಗೆ: ಮುಂದೆ ಬಂದ ಗೇಮ್ ಬಾಯ್ ಕಲರ್ ಸೇರಿ ಮಾರಾಟವಾದದ್ದು 11.8 ಕೋಟಿಗೂ ಹೆಚ್ಚು.

ಫಲಶ್ರುತಿ
ಇದನ್ನು ಪಠಿಸಿದವರು ಅಂಗಡಿಯಲ್ಲಿ ರ‍್ಯಾಮ್ ಎಷ್ಟೆಂದು ಕೇಳುವ ಮುನ್ನ, ತಾವು ಆಡುವ ಆಟ ಯಾವುದೆಂದು ತಮ್ಮನ್ನೇ ಕೇಳಿಕೊಳ್ಳತಕ್ಕದ್ದು. ಪಠಿಸಿಯೂ 12 ಜಿಬಿಯ ಫೋನು ಕೊಂಡು ಅದರಲ್ಲಿ ಟೆಟ್ರಿಸ್ ಆಡುವವರಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ.