ರಿವರ್ಸಿನಿಂದ ಫಸ್ಟಿಗೆ

ಗಾಡಿ ಸದ್ದು ಮಾಡುತ್ತಿದೆ ಅಂದರೆ ಸಾಕು, ನಮ್ಮ ತೀರ್ಥಹಳ್ಳಿ ಕಡೆ ಸ್ಟಿಯರಿಂಗ್ ಮುಟ್ಟದವರಿಗೂ ಒಂದು ಅಭಿಪ್ರಾಯ ಇರುತ್ತದೆ. ಚಿಕ್ಕಪ್ಪನ ಪಿಕಪ್ಪು ರಿವರ್ಸಿನಿಂದ ಫಸ್ಟಿಗೆ ಬಂದು ಕ್ಲಚ್ ಬಿಟ್ಟಾಗಲೆಲ್ಲ ಅಡಿಯಲ್ಲೆಲ್ಲೋ 'ಟಕ್' ಅನ್ನತೊಡಗಿದ ಮೇಲೆ ಆ ಅಭಿಪ್ರಾಯಗಳೆಲ್ಲ ಅಂಗಳಕ್ಕೆ ಬಂದು ಕೂತವು. ಪಕ್ಕದ ಮನೆಯವರು ಸ್ಪ್ರಿಂಗ್ ಪ್ಲೇಟಿನ ಬುಷ್ ಅಂದರು. ಇನ್ನೊಬ್ಬರು ಗೇರ್‌ಬಾಕ್ಸೇ ಹೋಗಿದೆ, ಬಂದಷ್ಟಕ್ಕೆ ಕೊಟ್ಟುಬಿಡಿ ಅಂದರು. ಅವರ ತಮ್ಮನಿಗೆ ಒಂದು ಪಿಕಪ್ ಬೇಕಿತ್ತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮ ಮಾತ್ರ, ಹಿಂದೆ ಗೊಬ್ಬರದ ಚೀಲಗಳ ಸಂದಿಗೆ ಸೊಪ್ಪಿನ ಕತ್ತಿ ಬಿದ್ದಿರಬೇಕು, ಅದರದ್ದೇ ಸದ್ದು ಅಂದಳು. ಹುಡುಕಿದರೆ ಕತ್ತಿ ಸಿಕ್ಕಿತು. ಸದ್ದು ಹೋಗಲಿಲ್ಲ.

ಕಬ್ಬಿಣದ ಚಾಸಿಗೆ ಒಂದು ಕೆಟ್ಟ ಬುದ್ಧಿ. ಹಿಂದಿನ ಸದ್ದನ್ನು ಹೊತ್ತು ತಂದು ಡ್ರೈವರ್ ಸೀಟಿನ ಕೆಳಗೆ ಹಾಕುತ್ತದೆ. ಹಾಗಾಗಿ ಎಲ್ಲಿ ಬಂತು ಎಂದು ಕಿವಿ ಕೊಡುವುದಕ್ಕಿಂತ ಯಾವಾಗ ಬಂತು ಎಂದು ನೋಡುವುದೇ ಲೇಸು. ಗೇರ್ ಬದಲಿಸಿ ಎಂಜಿನ್ನಿನ ಎಳೆತ ಹಿಂದಿನ ಚಕ್ರಕ್ಕೆ ಮುಟ್ಟುವ ಗಳಿಗೆಯಲ್ಲಿ ಒಂದೇ ಒಂದು 'ಟಕ್' ಬಂದರೆ ಆ ದಾರಿಯಲ್ಲಿ ಯಾವುದೋ ಸಡಿಲವಾಗಿದೆ ಎಂದರ್ಥ. ನಿಧಾನಕ್ಕೆ ಹೋಗುವಾಗ ಕಿಚಿಕಿಚಿ ಅಂದು, ವೇಗ ಹೆಚ್ಚಿದಂತೆ ಅದೂ ಅವಸರ ಮಾಡಿದರೆ ಎಲ್ಲೋ ಗ್ರೀಸ್ ಒಣಗಿದೆ. ಡಾಂಬರು ರಸ್ತೆಯಲ್ಲಿ ಒಂದು ವೇಗ ದಾಟಿದ ಕೂಡಲೇ ಕಾಲಡಿಯ ತಗಡು ಗಡಗಡ ನಡುಗಿದರೆ ಗ್ಯಾರೇಜಿಗೆ ಹೋಗುವುದನ್ನು ದೀಪಾವಳಿ ಆಚೆಗೆ ಹಾಕುವ ಹಾಗಿಲ್ಲ. ಓಡುವಾಗ ಆ ಎಳೆತವನ್ನು ಹಿಂದಕ್ಕೆ ಒಯ್ಯುವ ಶಾಫ್ಟ್ ಕಳಚಿ ಮುಂದಿನ ತುದಿ ರಸ್ತೆಗೆ ಊರಿಕೊಂಡಿತೆಂದರೆ ಆಮೇಲೆ ನಡೆಯುವುದನ್ನು ಬರೆಯಲು ಲಲಿತ ಪ್ರಬಂಧ ತಕ್ಕ ಜಾಗವಲ್ಲ.

ಗ್ಯಾರೇಜಿನ ಮೇಸ್ತ್ರಿ ಸದ್ದನ್ನು ಕೇಳಲೇ ಇಲ್ಲ. ಚಿಕ್ಕಪ್ಪ ಬಾಯಲ್ಲಿ ಟಕ್ ಟಕ್ ಅಂದು ತೋರಿಸುತ್ತಿದ್ದರೆ ಅವರು ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ ಮಾಡಿ, ಗೋಣಿ ಹಾಸಿ ಅಡಿಗೆ ಹೋಗಿಯಾಗಿತ್ತು. ಪ್ರೊಪೆಲ್ಲರ್ ಶಾಫ್ಟನ್ನು ಒಂದು ಕೈಯಲ್ಲೂ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ಫ್ಲಾಂಜನ್ನು ಇನ್ನೊಂದರಲ್ಲೂ ಹಿಡಿದು ಎದುರುಬದುರು ತಿರುಚಿದರು. "ಬನ್ನಿ ಗೌಡ್ರೆ, ಇಲ್ಲಿ ನೋಡಿ, ಕ್ರಾಸ್ ಆಡ್ತಾ ಇದೆ." ಬಿಳಿ ಪಂಚೆ ಉಟ್ಟಿದ್ದ ಚಿಕ್ಕಪ್ಪ ಹಾಗೇ ಅಡಿಗೆ ನುಗ್ಗಿದ. ಶಾಫ್ಟು, ಫ್ಲಾಂಜು ಎರಡೂ ಒಟ್ಟಿಗೇ ಅಷ್ಟಿಷ್ಟು ತಿರುಗಿದರೆ ಅದು ಹೌಸಿಂಗಿನ ಹಲ್ಲುಗಳ ನಡುವಿನ ಸಡಿಲು, ಹಳೆ ಗಾಡಿಗೆ ತಕ್ಕಮಟ್ಟಿಗೆ ಇರತಕ್ಕದ್ದೇ. ಒಂದು ನಿಂತಿದ್ದು ಇನ್ನೊಂದು ಅಲುಗಿದರೆ ಮಾತ್ರ ಕ್ರಾಸಿನ ಕತೆ ಮುಗಿಯಿತು ಅಂತ. ಕಪ್ಪುಗಳ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿಯೂ ಇತ್ತು. ಗ್ರೀಸ್ ಇರಬೇಕಾದಲ್ಲಿ ನೀರು ವಾಸ ಮಾಡಿದ್ದಕ್ಕೆ ಅದು ಗುರುತು. ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ಊರಲ್ಲಿ ಹಳ್ಳ ಹಾಯಿಸಿ ತೋಟಕ್ಕೆ ಹೋಗುವ ಗಾಡಿ. ನೀರನ್ನು ಬೈದು ಏನು ಬಂತು?

ಕ್ರಾಸ್ ಅಂದರೆ ಅಂಗೈಯಲ್ಲಿ ಹಿಡಿಸುವ ಕಬ್ಬಿಣದ ಅಧಿಕ ಚಿಹ್ನೆ. ನಾಲ್ಕು ತುದಿಗೂ ಟೊಪ್ಪಿಗೆ ಹಾಕಿದಂತೆ ನಾಲ್ಕು ಕಪ್ಪು, ಕಪ್ಪಿನೊಳಗೆ ಸುತ್ತಲೂ ಎರಡು ಮೂರು ಮಿಲಿಮೀಟರ್ ದಪ್ಪದ ನೀಡಲ್‌ಗಳ ಸಾಲು. ಎರಡು ತುದಿ ಈಚೆ ಕವಲಿಗೆ, ಎರಡು ಆಚೆ ಕವಲಿಗೆ. ಗೇರ್‌ಬಾಕ್ಸು ಚಾಸಿಗೆ ಕಚ್ಚಿಕೊಂಡು ಕೂತಿರುತ್ತದೆ, ಹಿಂದಿನ ಹೌಸಿಂಗು ಗುಂಡಿ ಸಿಕ್ಕಲ್ಲೆಲ್ಲ ಏಳುತ್ತ ಬೀಳುತ್ತ ಇರುತ್ತದೆ. ಇಬ್ಬರನ್ನೂ ಕೂಡಿಸಿಕೊಂಡು ತಿರುಗಬೇಕಾದದ್ದು ಈ ಪುಟ್ಟ ಜಾಯಿಂಟು.

ಯೂರೋಪಿನ ಹಲವು ಭಾಷೆಗಳಲ್ಲಿ ಇದಕ್ಕೆ ಇಟಲಿಯ ಜೆರೊಲಾಮೊ ಕಾರ್ಡಾನೊ ಹೆಸರು ಅಂಟಿಕೊಂಡಿದೆ. ಈತ (1501–1576) ವೈದ್ಯ, ಗಣಿತಜ್ಞ, ಜ್ಯೋತಿಷಿ, ಜೊತೆಗೆ ಜೂಜುಕೋರ. ದಾಳ ಉರುಳಿಸುತ್ತ ಉರುಳಿಸುತ್ತ ಸಂಭವನೀಯತೆಯ ಲೆಕ್ಕವನ್ನೇ ಬರೆದಿಟ್ಟ. ಯೇಸುವಿನ ಜಾತಕ ಬರೆದವನೂ ಅವನೇ. 1570ರಲ್ಲಿ ಧರ್ಮವಿರೋಧದ ಆರೋಪದ ಮೇಲೆ ಬಂಧನಕ್ಕೊಳಗಾದ. ಅವನು ವರ್ಣಿಸಿದ್ದಾದರೂ ಒಂದರೊಳಗೊಂದು ತೂಗುವ ಬಳೆಗಳನ್ನು. ಶಾಫ್ಟ್ ತಿರುಗಿಸುವ ಜಾಯಿಂಟಿನ ವಿಚಾರ ಬರೆದವನು ಇಂಗ್ಲೆಂಡಿನ ರಾಬರ್ಟ್ ಹುಕ್, 1676ರಲ್ಲಿ, ಸೂರ್ಯನನ್ನು ನೋಡುವ ಉಪಕರಣಗಳ ಪುಸ್ತಕದಲ್ಲಿ. ಹೈಸ್ಕೂಲಿನಲ್ಲಿ ಸ್ಪ್ರಿಂಗಿನ ನಿಯಮ ಬಾಯಿಪಾಠ ಮಾಡಿಸಿದ ಹುಕ್ಕನೇ ಇವನು. ಹಾಗೆ ನೋಡಿದರೆ ಪಿಕಪ್ಪಿನ ಅಡಿ ಮಲಗಿದವನಿಗೆ ಹುಕ್ ಎರಡು ಸಲ ಸಿಗುತ್ತಾನೆ, ಪ್ಲೇಟಿನಲ್ಲಿ ಒಮ್ಮೆ, ಶಾಫ್ಟಿನಲ್ಲಿ ಒಮ್ಮೆ. ಆ ಜಾಯಿಂಟು ಮೋಟಾರು ಗಾಡಿಗೆ ಗಟ್ಟಿಯಾಗಿ ಇಳಿದದ್ದು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದ ಮೇಲೆ. ಅದಕ್ಕೂ ಮುಂಚೆ ಎಷ್ಟೋ ಕಾರುಗಳು ಸೈಕಲ್ಲಿನ ಹಾಗೆ ಚೈನಿನಲ್ಲಿ ಓಡುತ್ತಿದ್ದವು.

ಹುಕ್ಕನ ಜಾಯಿಂಟಿಗೆ ಒಂದು ಐಬು ಇದೆ. ಬಾಗಿ ತಿರುಗುವಾಗ ಅದು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. 30 ಡಿಗ್ರಿ ಬಾಗಿತೆನ್ನಿ, ಈಚೆ ವೇಗ 100 ಇದ್ದರೆ ಆಚೆಯದು 87ಕ್ಕೆ ಇಳಿದು 115ಕ್ಕೆ ಏರಿ, ಪ್ರತಿ ಸುತ್ತಿಗೂ ಎರಡೆರಡು ಸಲ ಹೀಗೆ ಹೊಯ್ದಾಡುತ್ತದೆ. ಪಿಕಪ್ಪಿನಲ್ಲಿ ಅಷ್ಟು ಬಾಗು ಇರುವುದಿಲ್ಲ, ಆದರೂ ನಡುಕಕ್ಕೆ ಸಾಕು. ಮದ್ದು ಏನೆಂದರೆ ಶಾಫ್ಟಿನ ಇನ್ನೊಂದು ತುದಿಗೂ ಇಂಥದೇ ಐಬಿನ ಜಾಯಿಂಟು ಹಾಕುವುದು. ಎರಡೂ ಕಡೆ ಬಾಗು ಸಮ ಇದ್ದು, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿಗಿದ್ದರೆ, ಇದು ಅವಸರ ಮಾಡುವಾಗ ಅದು ತಡೆಯುತ್ತದೆ. ನಮ್ಮ ಚಿಕ್ಕಪ್ಪ ಚಿಕ್ಕಮ್ಮನ ಸಂಸಾರ ನಡೆದಿರುವುದೂ ಈ ಲೆಕ್ಕದಲ್ಲೇ. ಚಿಕ್ಕಪ್ಪ ಅಡಿಕೆಗೆ ರೇಟು ಏರಿದ ದಿನ ಹೊಸ ಗಾಡಿ ಅಂದರೆ ಚಿಕ್ಕಮ್ಮ ಹಳೆ ಸಾಲ ಅನ್ನುತ್ತಾಳೆ. ಹೊರಗಿನವರಿಗೆ ಕಾಣುವುದು ಒಂದೇ ಸಮನೆ ಸಾಗುವ ಮನೆ.

ಅದಕ್ಕೇ ಶಾಫ್ಟ್ ಬಿಚ್ಚುವ ಮುನ್ನ ಮೇಸ್ತ್ರಿ ಪಂಚಿನಿಂದ ಎದುರುಬದುರು ಚುಕ್ಕಿ ಹೊಡೆದರು. ಜೋಡಿಸುವಾಗ ಶಾಫ್ಟಿನ ಒಂದು ಹಲ್ಲು ಆಚೀಚೆ ಕೂತರೂ ಹೊಸ ಕ್ರಾಸಿನ ಜೊತೆ ಹೊಸ ನಡುಕ ಬರುತ್ತದೆ. ಮುಂದಿನ ಕೆಲಸ ಹೇಳುವುದಕ್ಕೆ ಸುಲಭ. ಸರ್ಕ್ಲಿಪ್ ತೆಗೆಯುವುದು, ವೈಸಿನಲ್ಲಿ ಒಂದು ಕಡೆ ಚಿಕ್ಕ ಸಾಕೆಟ್ಟು, ಇನ್ನೊಂದು ಕಡೆ ಕಪ್ಪು ನುಂಗುವಷ್ಟು ದೊಡ್ಡ ಸಾಕೆಟ್ಟು ಇಟ್ಟು ಬಿಗಿಯುವುದು. ಚಿಕ್ಕದು ತಳ್ಳುತ್ತದೆ, ದೊಡ್ಡದರೊಳಗೆ ಕಪ್ಪು ಬಂದು ಬೀಳುತ್ತದೆ. ಹೊಸದನ್ನು ಕೂರಿಸುವಾಗಲೇ ಆಟ. ಒಂದು ನೀಡಲ್ ಜಾರಿ ಕಪ್ಪಿನ ತಳದಲ್ಲಿ ಅಡ್ಡ ಮಲಗಿತೋ, ಎಷ್ಟು ಒತ್ತಿದರೂ ಕಪ್ಪು ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ಪಿಗೆ ಕೂರುವ ಗೀರು ಸಿಗುವುದಿಲ್ಲ. ಆಗ ಸುತ್ತಿಗೆಯಲ್ಲಿ ಬಡಿಯುವವರೂ ಇದ್ದಾರೆ. ನಮ್ಮ ಮೇಸ್ತ್ರಿ ಬೀಡಿ ಹಚ್ಚಿದರು. ಸೇದಿ ಮುಗಿಸಿ, ಕಪ್ಪು ತೆಗೆದು, ದಪ್ಪಗೆ ಗ್ರೀಸ್ ಮೆತ್ತಿ ನೀಡಲ್‌ಗಳನ್ನು ಮತ್ತೆ ಸಾಲಿಗೆ ನಿಲ್ಲಿಸಿದರು. ಕೊನೆಗೆ ಗ್ರೀಸ್ ಗನ್ನು ಹಿಡಿದು ನಾಲ್ಕೂ ಸೀಲಿನಿಂದ ಗ್ರೀಸ್ ಇಣುಕುವವರೆಗೆ ಒತ್ತಿದರು.

ತೆಗೆದ ಕ್ರಾಸನ್ನು ಒರೆಸಿ ನೋಡಿದರೆ ನುಣ್ಣಗಿರಬೇಕಾದ ತುದಿಗಳ ಮೇಲೆ ಉದ್ದುದ್ದ ಗೀರು, ನೀಡಲ್ ನಿಂತಲ್ಲೇ ಒತ್ತಿ ಒತ್ತಿ ಮಾಡಿದ ಗುಂಡಿಗಳು. ನನಗೆ ಬಹಳ ಹಿಡಿಸಿದ ಸಂಗತಿ ಇದು: ಜಾಯಿಂಟು ಒಂದು ಚೂರೂ ಬಾಗದೆ ನೆಟ್ಟಗೆ ತಿರುಗಿದರೂ ಹೀಗೇ ಸವೆಯುತ್ತದೆ, ಏಕೆಂದರೆ ಬಾಗಿದರೆ ಮಾತ್ರ ನೀಡಲ್‌ಗಳು ಉರುಳುತ್ತವೆ. ಅದಕ್ಕೆಂದೇ ಗಾಡಿ ಮಾಡುವವರು ಬೇಕೆಂದೇ ಸ್ವಲ್ಪ ಸೊಟ್ಟ ಇಡುತ್ತಾರೆ. ಮೇಸ್ತ್ರಿಗೆ ಹೇಳಿದೆ. "ನಮ್ಮ ರೋಡಲ್ಲಿ ಆ ಚಿಂತೆ ಇಲ್ಲ ಬಿಡಿ" ಅಂದರು.

ಟಕ್ ಹೋಯಿತು. ಚಿಕ್ಕಪ್ಪನಿಗೆ ಮಾತ್ರ ಹೊಸ ರೋಗ ಹತ್ತಿದೆ. ಮೊನ್ನೆ ಕೊಪ್ಪದ ಕಡೆ ಒಂದು ಮದುವೆಯಲ್ಲಿ ಎಲೆ ಹಾಕಿದ್ದಾರೆ ಎಂದು ಕರೆಯಲು ಹೋದರೆ, ಹೆಣ್ಣಿನ ಕಡೆಯವರ ಪಿಕಪ್ಪಿನ ಅಡಿಯಿಂದ ಎರಡು ಕಾಲು ಹೊರಗೆ ಕಾಣುತ್ತಿದ್ದವು. ಗಾಡಿಯವರು ಕಂಗಾಲಾಗಿ ನಿಂತಿದ್ದರು. "ನಿಮ್ದು ಸೆಂಟರ್ ಬೇರಿಂಗ್ ಕಣ್ರೀ" ಎಂದು ಒಳಗಿನಿಂದ ದನಿ ಬಂತು.