ಇನ್‌ಬಾಕ್ಸ್ ಬ್ಯಾರಿ ಆದ ಸುದ್ದಿ

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಪತ್ರ ಒಬ್ಬರ ಹೆಸರಿಗೆ ಬಂದರೂ ಎಂದೂ ಒಬ್ಬರದಾಗಿರಲಿಲ್ಲ. ನೀಲಿ ಇನ್‌ಲ್ಯಾಂಡ್ ಬಂತೆಂದರೆ ಸಾಲಿ ಕಲಿತ ಹುಡುಗನೊಬ್ಬ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಒಳಗಿನಿಂದ ಯಾರಾದರೂ "ಅದನ್ನ ಇನ್ನೊಮ್ಮೆ ಓದಪಾ" ಅನ್ನಬೇಕು. ನಮ್ಮ ಮನೆಯವರು ಈ ಸಂಸ್ಕಾರವನ್ನು ಪಾಸ್‌ಪೋರ್ಟಿನ ಜೊತೆಗೇ ನ್ಯೂಜೆರ್ಸಿಗೆ ತಂದಿದ್ದರು.

ಅದು 2003. ಎಡಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಬ್ಬರಿಗೂ ಸೇರಿ ಒಂದು ಕಂಪ್ಯೂಟರ್. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಟಪಾಲಿಗೆ ಔಟ್‌ಲುಕ್ ಎಕ್ಸ್‌ಪ್ರೆಸ್. ಇಬ್ಬರ ವಿಳಾಸ ಬೇರೆ ಬೇರೆ, ಬಂದು ಬೀಳುವ ಇನ್‌ಬಾಕ್ಸ್ ಮಾತ್ರ ಒಂದೇ. ಮುಂಜಾನೆ ಯಾರು ಮೊದಲು ಕೂತರೋ ಅವರು ಇಬ್ಬರ ಟಪಾಲನ್ನೂ ಇಳಿಸಿಕೊಳ್ಳುತ್ತಿದ್ದರು, ಮತ್ತು ಮೊದಲು ಕೂಡುವವರು ಯಾವಾಗಲೂ ನಮ್ಮ ಮನೆಯವರೇ. ನಾನು ಚಹಾ ಕಪ್ಪು ಹಿಡಿದು ಬರುವಷ್ಟರಲ್ಲಿ "ನಿಮ್ಮಕ್ಕಗ ಮತ್ತ ಮೊಣಕಾಲ ನೋವಂತ" ಎಂಬ ಸಾರಾಂಶ ಸಿದ್ಧವಾಗಿರುತ್ತಿತ್ತು.

ಬರುವ ಟಪಾಲಿನ ಕಥೆ ಇದಾದರೆ, ಹೋಗುವುದರದು ಇನ್ನೂ ಚಂದ. ಹೊಸದಾಗಿ ಬರೆದ ಪತ್ರ 'ಡೀಫಾಲ್ಟ್' ಖಾತೆಯಿಂದ ಹೋಗುತ್ತಿತ್ತು. ಡೀಫಾಲ್ಟ್ ಯಾರು? ಕಂಪ್ಯೂಟರ್ ಜೋಡಿಸಿದವರು. ಹೀಗಾಗಿ ಅಥಣಿಯ ಅಕ್ಕನಿಗೆ ನಾನು ಬರೆದ "ಅಕ್ಕಾ, ಇವರ ಕಾಟ ಸಾಕಾಗೇತಿ, ಶನಿವಾರ ಬಂದ್ರ ಸೋಫಾ ಬಿಟ್ಟ ಏಳಂಗಿಲ್ಲ" ಎಂಬ ಪತ್ರ ನಮ್ಮ ಮನೆಯವರ ಹೆಸರಿನಲ್ಲಿ ಅಥಣಿ ಮುಟ್ಟಿತು. ಒಡಹುಟ್ಟಿದವಳಿಗೆ ಬರೆಯುವಾಗ ಕೆಳಗೆ ಸಹಿ ಹಾಕುವವರು ಯಾರು? ಉತ್ತರ ಸೀದಾ ಅವರಿಗೇ ಬಂತು: "ನಮ್ಮ ತಂಗಿ ಸಣ್ಣಾಕಿ ಇದ್ದಾಗಿಂದ ದಗದಕ್ಕ ಗಟ್ಟಿ. ಸೋಫಾದ ಮ್ಯಾಲೆ ಕುಂತಾಳಂದ್ರ ಮೈಯಾಗ ಆರಾಮ ಇರಲಿಕ್ಕಿಲ್ಲ, ಡಾಕ್ಟರಿಗೆ ತೋರಸ್ರಿ."

ಆ ರಾತ್ರಿಯೇ ವಿಭಜನೆಯ ಮಾತುಕತೆ ನಡೆಯಿತು. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ 'ಐಡೆಂಟಿಟಿ' ಎಂಬ ಏರ್ಪಾಡಿತ್ತು. ಒಬ್ಬೊಬ್ಬರಿಗೂ ಬೇರೆ ಇನ್‌ಬಾಕ್ಸ್, ಬೇರೆ ವಿಳಾಸ ಪುಸ್ತಕ. ಅದಕ್ಕೆ ಪಾಸ್‌ವರ್ಡ್ ಹಾಕಬಹುದಿತ್ತಾದರೂ ಕಡತಗಳೆಲ್ಲ ಒಂದೇ ಡಿಸ್ಕಿನಲ್ಲಿ ಬಿದ್ದಿರುತ್ತಿದ್ದವು, ಹುಡುಕುವವರಿಗೆ ಸಿಗುತ್ತಿದ್ದವು. ಚಿಂಚಲಿಯವರು ಹುಡುಕುವವರೇ. ಅದಕ್ಕಾಗಿ ವಿಂಡೋಸ್‌ನಲ್ಲಿಯೇ ಇಬ್ಬರಿಗೂ ಪ್ರತ್ಯೇಕ ಖಾತೆ ತೆರೆದೆವು. ಅವರ ಹೆಸರಿನ ಪಕ್ಕ ರಬ್ಬರ್ ಬಾತುಕೋಳಿಯ ಚಿತ್ರ, ನನಗೆ ಗಿಟಾರು.

ಎಕ್ಸ್‌ಪಿಗೆ ಒಂದು ಗುಣವಿತ್ತು. ಲಾಗಿನ್ ಪರದೆಯ ಮೇಲೆ ಹೆಸರಿನ ಕೆಳಗೇ ಓದದ ಪತ್ರಗಳೆಷ್ಟು ಎಂದು ಊರಿಗೆಲ್ಲ ಕಾಣುವಂತೆ ಬರೆದಿಡುತ್ತಿತ್ತು. ಒಳಗೆ ಏನಿದೆ ಎಂದು ತಿಳಿಯದೆ ಬರೀ ಎಣಿಕೆ ನೋಡುವ ಸಂಕಟ, ಏನೂ ಕಾಣದಿರುವುದಕ್ಕಿಂತ ಕೆಟ್ಟದ್ದು. "ನಿನಗ ಹನ್ನೊಂದ ಬಂದಾವ, ನನಗ ಎರಡ. ಅದರಾಗ ಒಂದ ಕ್ರೆಡಿಟ್ ಕಾರ್ಡಿನವರದು" ಎಂದು ಅವರು ಮುಖ ಸಣ್ಣ ಮಾಡುತ್ತಿದ್ದರು.

ಇಷ್ಟಕ್ಕೇ ಮುಗಿಯುತ್ತಿತ್ತೇನೋ, ಆದರೆ ಆ ಚಳಿಗಾಲ ಅತ್ತಿ ನಮ್ಮಲ್ಲಿಗೆ ಬಂದಿದ್ದರು. 2004ರ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ತಪ್ಪಿತೆಂಬ ಹಳಹಳಿ ಬೇರೆ. ಕಾಲಿಂಗ್ ಕಾರ್ಡ್ ಗೀರಿಸಿ, ಉದ್ದನೆಯ ನಂಬರ್ ಒತ್ತಿಸಿಕೊಂಡು ಚಿಂಚಲಿಗೆ ಫೋನು ಮಾಡಿದರು. ಜಾತ್ರೆಯ ಸಮಾಚಾರವೆಲ್ಲ ಕೇಳಿದ ಮೇಲೆ ತಮ್ಮ ಕಡೆಯದನ್ನೂ ಹೇಳಬೇಕಲ್ಲ: "ಇಲ್ಲಿ ಇವರಿಬ್ಬರದೂ ಬ್ಯಾರಿ ಆತ ನೋಡ್ರಿ. ಮದಲ ಕೂಡೆ ಇತ್ತು. ಈಗ ಅಕಿದ ಅಕಿಗೆ, ಅವಂದ ಅವಗ. ಕೀಲಿ ಸುದ್ದಾ ಹಾಕ್ಯಾರ."

ಕಾರ್ಡಿನ ನಿಮಿಷ ಅಲ್ಲಿಗೇ ಮುಗಿಯಿತು.

ಜಾತ್ರೆಗೆ ಸಾಂಗಲಿ, ಕೊಲ್ಹಾಪುರದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಜನ ಲೆಕ್ಕವಿಲ್ಲ. ಬಂದವರು ಭಂಡಾರದ ಜೊತೆಗೆ ನಮ್ಮ ಸುದ್ದಿಯನ್ನೂ ಕಟ್ಟಿಕೊಂಡು ಹೋದರು. ಮೀರಜದಲ್ಲಿದ್ದ ಸೋದರಮಾವ ಮರುದಿನ ಕನ್ನಡ ಮರಾಠಿ ಕೂಡಿಸಿ ಫೋನಿನಲ್ಲಿ ಅತ್ತರು. ಮಾವನವರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಒಲಿ ಒಂದ ಐತಿಲ್ಲೊ?" ಒಂದೇ ಇದೆ ಅಂದಾಗ, "ಹಂಗಾರ ಏನೂ ಆಗಿಲ್ಲ ಬಿಡು" ಎಂದು ಫೋನ್ ಇಟ್ಟರು. ಔಟ್‌ಲುಕ್ ಎಕ್ಸ್‌ಪ್ರೆಸ್ ಬಗ್ಗೆ ಇಷ್ಟು ಕಡಿಮೆ ತಿಳಿದವರು ಇಷ್ಟು ಸರಿಯಾಗಿ ಮಾತಾಡಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅದೇ ವರ್ಷ ಏಪ್ರಿಲ್ 1ರಂದು ಜಿಮೇಲ್ ಬಂತು, ಆಮೇಲೆ ಕೈಗೊಂದು ಫೋನು ಬಂತು. ಈಗ ಟಪಾಲು ತಾನಾಗಿಯೇ ಬೇರೆ. ಆದರೂ ಮನೆಯ ಕಂಪ್ಯೂಟರಿನಲ್ಲಿ ಒಂದೇ ಬ್ರೌಸರಿನಲ್ಲಿ ಇಬ್ಬರೂ ಲಾಗಿನ್ ಆಗಿ ಕೂಡುವ ದಂಪತಿಗಳು ಇದ್ದೇ ಇದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೇ: ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಳ್ಳಿ, ಕಳಿಸುವ ಮುಂಚೆ 'ಫ್ರಮ್' ಸಾಲಿನಲ್ಲಿ ಯಾರ ಹೆಸರಿದೆ ನೋಡಿ, ಮತ್ತು ಇದನ್ನೆಲ್ಲ ಊರಿನಿಂದ ಬಂದ ಹಿರಿಯರು ಮಲಗಿದ ಮೇಲೆ ಮಾಡಿ.