ಅಜ್ಜಂಪುರದ ಅಂತರ್ಮುಖಿ: ಹವ್ಯಾಸ, ನೆಪ ಮತ್ತು ಆರೋಗ್ಯ

ನಾಲ್ಕು ಜನರ ನಡುವೆ ಇದ್ದಷ್ಟೂ ಹುರುಪುಗೊಳ್ಳುವವರನ್ನು ಬಹಿರ್ಮುಖಿಗಳೆಂದೂ, ಅದೇ ನಾಲ್ಕು ಜನರ ನಡುವೆ ಇದ್ದ ಹುರುಪನ್ನೆಲ್ಲ ಖರ್ಚು ಮಾಡಿಕೊಂಡು ಏಕಾಂತದಲ್ಲಿ ಅದನ್ನು ಮತ್ತೆ ಕೂಡಿಸಿಕೊಳ್ಳುವವರನ್ನು ಅಂತರ್ಮುಖಿಗಳೆಂದೂ ಕರೆಯುವುದು ಈಗ ರೂಢಿಯಾಗಿದ್ದು, ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಂಗಡಣೆ ಲೋಕಪ್ರಸಿದ್ಧವಾಯಿತು. ಯೂಂಗ್ ತನ್ನ ಏಕಾಂತಕ್ಕೆಂದು ಜ್ಯೂರಿಕ್ ಸರೋವರದ ದಡದ ಬೋಲಿಂಗೆನ್ ಎಂಬಲ್ಲಿ ಕಲ್ಲಿನ ಗೋಪುರವೊಂದನ್ನು ಕಟ್ಟಿಕೊಂಡಿದ್ದನು. ಅಜ್ಜಂಪುರದ ಅಂತರ್ಮುಖಿಗೆ ಈ ಸೌಕರ್ಯವಿಲ್ಲ. ಅಲ್ಲಿ ಯಾರಾದರೂ ಒಬ್ಬರೇ ಇರಲೆಂದು ಗೋಪುರಕ್ಕೆ ಕೈಹಾಕಿದರೆ ಪಾಯ ತೆಗೆಯುವ ದಿನವೇ ಅರ್ಧ ಊರು ಬಂದು ವಾಸ್ತು ನೋಡುತ್ತದೆ, ಉಳಿದರ್ಧ ಊರು ಗೃಹಪ್ರವೇಶ ಯಾವಾಗ ಎಂದು ವಿಚಾರಿಸುತ್ತದೆ.

ಬಹುಕಾಲ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾದ, ಈರುಳ್ಳಿ, ತೆಂಗು, ಅಡಿಕೆಗಳನ್ನು ನಂಬಿಕೊಂಡಿರುವ ಈ ಊರಿನಲ್ಲಿ ಒಬ್ಬ ಮನುಷ್ಯ ಸುಮ್ಮನೆ ಒಬ್ಬನೇ ಇರಬಹುದೆಂಬ ಕಲ್ಪನೆಗೆ ಇನ್ನೂ ಮಾನ್ಯತೆ ದೊರೆತಿಲ್ಲ. ಊರು ಏಕಾಂತಕ್ಕೆ ಪರವಾನಗಿ ಕೊಡುವುದು ಮೂರೇ ಕಾರಣಗಳಿಗೆ, ಅಂದರೆ ಕೆಲಸಕ್ಕೆ, ದೇವರಿಗೆ ಮತ್ತು ಕಾಯಿಲೆಗೆ. ಒಂಟಿಯಾಗಿರುವುದು ಇಷ್ಟ ಎಂಬುದು ಈ ಪಟ್ಟಿಯಲ್ಲಿ ಇಲ್ಲದಿರುವುದರಿಂದ, ಇಲ್ಲಿನ ಅಂತರ್ಮುಖಿಯ ಹವ್ಯಾಸಗಳೆಲ್ಲವೂ ಈ ಮೂರರಲ್ಲಿ ಒಂದರ ವೇಷ ತೊಟ್ಟೇ ಹೊರಬರುತ್ತವೆ. ಅವನ ನಿಜವಾದ ಹವ್ಯಾಸ ನೆಪ ಹುಡುಕುವುದು, ಉಳಿದವು ಅದರ ಉಪಹವ್ಯಾಸಗಳು ಎಂದರೂ ತಪ್ಪಾಗಲಾರದು.

ನೆಪಗಳಲ್ಲಿ ಅತ್ಯುತ್ತಮವಾದದ್ದು ರಾತ್ರಿಯ ಮೋಟರು. ಪಂಪ್‌ಸೆಟ್ಟುಗಳಿಗೆ ಬೇಕಾದ ತ್ರೀಫೇಸ್ ವಿದ್ಯುತ್ತನ್ನು ದಿನದ ಕೆಲವೇ ಗಂಟೆ, ಅದರಲ್ಲೂ ಅನೇಕ ವೇಳೆ ರಾತ್ರಿ ಹೊತ್ತು, ಪಾಳಿಯ ಮೇಲೆ ಬಿಡುವ ಪದ್ಧತಿಯನ್ನು ಊರಿನ ರೈತರೆಲ್ಲರೂ ಶಪಿಸುವಾಗ ಅಂತರ್ಮುಖಿಯೂ ಮರ್ಯಾದೆಗೆ ಎರಡು ಮಾತು ಶಪಿಸುತ್ತಾನಾದರೂ, ಒಳಗೊಳಗೆ ಆ ವೇಳಾಪಟ್ಟಿ ಬರೆದವರಿಗೆ ಕೈಮುಗಿಯುತ್ತಾನೆ. ಮನೆಯಲ್ಲಿ ನೆಂಟರು ಬಂದು ಜಮಖಾನೆ ಹಾಸಿ ಕುಳಿತಿರುವ ಹೊತ್ತಿನಲ್ಲಿ ‘ಕರೆಂಟ್ ಬಂತು, ತೋಟಕ್ಕೆ ಹೋಗ್ಬೇಕು’ ಎಂದು ಎದ್ದವನನ್ನು ತಡೆಯುವ ನೈತಿಕ ಬಲ ಯಾವ ನೆಂಟನಿಗೂ ಇಲ್ಲ. ಪಂಪ್‌ಹೌಸಿನೊಳಗೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಅದು ‘ಟಕ್’ ಎಂದು ಕಚ್ಚಿಕೊಂಡು ಮೋಟರು ಗುಂಯ್‌ಗುಡಲು ತೊಡಗಿದ ಮೇಲೆ, ಗೇಟ್‌ವಾಲ್ವ್ ಎರಡು ಸುತ್ತು ತಿರುಗಿಸಿ, ನೀರು ಕೊನೆಯ ಸಾಲಿನ ಅಡಿಕೆ ಮರದ ಬುಡಕ್ಕೆ ಮುಟ್ಟುವವರೆಗಿನ ಅವಧಿಯಷ್ಟೂ ಅವನದೇ. ಗೋಡೆಯ ಮೊಳೆಗೆ ತೂಗುಹಾಕಿದ ಟ್ರಾನ್ಸಿಸ್ಟರಿನಲ್ಲಿ, 1965ರಲ್ಲಿ ಆರಂಭವಾಗಿ ಈ ಸೀಮೆಯ ಮೂರು ತಲೆಮಾರಿಗೆ ಕೃಷಿಯನ್ನೂ ಚಿತ್ರಗೀತೆಯನ್ನೂ ಒಂದೇ ದನಿಯಲ್ಲಿ ಕೇಳಿಸಿದ ಭದ್ರಾವತಿ ಆಕಾಶವಾಣಿ ಸಣ್ಣಗೆ ಹಾಡುತ್ತಿರುತ್ತದೆ. ಜೇಬಿನಲ್ಲಿ ಮಡಿಚಿಟ್ಟ ದಿನಪತ್ರಿಕೆಯ ಪದಬಂಧ ಹೊರಬರುತ್ತದೆ. ಎಡದಿಂದ ಬಲಕ್ಕೆ ಏಳನೆಯದು ಹೊಳೆಯದೆ ಹೋದರೆ ಮೇಲಿನಿಂದ ಕೆಳಕ್ಕೆ ಬರುವ ಹನ್ನೆರಡನೆಯದರಿಂದ ಅಕ್ಷರವೊಂದನ್ನು ಸಾಲ ಪಡೆಯುವ ಈ ಚೌಕಮನೆಯ ಸಂಸಾರದಲ್ಲಿ ಯಾರೂ ಅವನ ಮಗಳ ಮದುವೆಯ ವಿಷಯ ಎತ್ತುವುದಿಲ್ಲ. ತೋಟಕ್ಕೆ ಹನಿ ನೀರಾವರಿಯೂ, ಮೊಬೈಲಿನಿಂದಲೇ ಮೋಟರು ಚಾಲೂ ಮಾಡುವ ಯಂತ್ರವೂ ಬಂದಿರುವುದು ಅವನಿಗೆ ಚೆನ್ನಾಗಿ ಗೊತ್ತು. ಅದನ್ನು ಕೊಳ್ಳಲು ಅವನಿಗೆ ಹಣವಿಲ್ಲವೆಂದು ಊರವರು ತಿಳಿದಿರುವುದು ಅವನ ಅದೃಷ್ಟ.

ಕಾಯಿಲೆಯ ವೇಷದ ಹವ್ಯಾಸವೆಂದರೆ ನಡಿಗೆ. ಸಕ್ಕರೆ ಕಾಯಿಲೆಗೆ ಮುನ್ನ ಈ ಊರಿನಲ್ಲಿ ಗಂಡಸೊಬ್ಬ ಗುರಿಯಿಲ್ಲದೆ ನಡೆದರೆ ಸಾಲಗಾರರಿಂದ ತಲೆತಪ್ಪಿಸಿಕೊಂಡಿದ್ದಾನೆಂದು ಅರ್ಥವಾಗುತ್ತಿತ್ತು; ಈಗ ‘ಡಾಕ್ಟ್ರು ಹೇಳಿದಾರೆ’ ಎಂಬ ಎರಡು ಪದ ಸಾಕು. ಆದರೆ ಸಕ್ಕರೆ ಕಾಯಿಲೆ ಬಹಿರ್ಮುಖಿಗಳಿಗೂ ಬರುವುದರಿಂದ ರೈಲ್ವೆ ನಿಲ್ದಾಣದ ರಸ್ತೆಯಲ್ಲಿ ಮುಂಜಾನೆ ಗುಂಪುಗುಂಪಾಗಿ ವಾಕಿಂಗ್ ಮಾಡುವವರು ಸೇರಿಕೊಂಡು, ಅಡಿಕೆ ಧಾರಣೆಯನ್ನೂ ಸೊಸೆಯಂದಿರನ್ನೂ ಚರ್ಚಿಸುತ್ತ ಇವನನ್ನೂ ಕೈಹಿಡಿದು ಎಳೆದುಕೊಳ್ಳತೊಡಗಿದ ಕಾರಣ, ಅವನು ನಡಿಗೆಯ ದಿಕ್ಕನ್ನು ಕಾವಲಿನ ಕಡೆಗೆ ಬದಲಿಸಬೇಕಾಯಿತು.

ಕಾವಲು ಎಂದರೆ ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಇಲಾಖೆಯ ದನಗಳು ಇಂಥ ಕಾವಲುಗಳಲ್ಲಿ ಮಂದೆಯಾಗಿ ಮೇಯ್ದು ಬೆಳೆದವು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿಯೇ ಇದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದೂರದಲ್ಲಿ ನಿಂತು ನೋಡಬೇಕಾದ, ಹತ್ತಿರ ಹೋದರೆ ತಾವೇ ಹೊರಟುಹೋಗುವ ಪ್ರಾಣಿಪಕ್ಷಿಗಳ ಸಹವಾಸ ಅಂತರ್ಮುಖಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಮೀನು ಹಿಡಿಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ, ಮನೆಗೆ ‘ನಿರುತ್ತರ’ ಎಂದು ಹೆಸರಿಟ್ಟು ಬಾಳಿದ ಪೂರ್ಣಚಂದ್ರ ತೇಜಸ್ವಿಯವರನ್ನು ಅವನು ಮನೆಯವರ ಮುಂದೆ ಆಗಾಗ ಸಾಕ್ಷಿಗೆ ಕರೆಯುತ್ತಾನೆ. ತೇಜಸ್ವಿಯವರು ನಡುನಡುವೆ ಪುಸ್ತಕಗಳನ್ನೂ ಬರೆದರೆಂದು ಹೆಂಡತಿ ನೆನಪಿಸುತ್ತಾಳೆ.

ಈ ಹವ್ಯಾಸಕ್ಕೆ ಒದಗಿದ ವಿಘ್ನ ಮಾತ್ರ ವಿಚಿತ್ರವಾದದ್ದು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವೂ ಕಾಲುವೆಗಳೂ ಅಜ್ಜಂಪುರದ ಆಸುಪಾಸಿನಲ್ಲೇ ಹಾದುಹೋಗುವ ಕಾರಣ, ಬಯಲಿನಲ್ಲಿ ದುರ್ಬೀನು ಹಿಡಿದು ನಿಂತವನು ಸರ್ವೆಯವನೇ ಆಗಿರಬೇಕೆಂಬುದು ಸುತ್ತಲಿನ ಹಳ್ಳಿಗಳ ಸಹಜ ತೀರ್ಮಾನ. ಚಳಿಗಾಲಕ್ಕೆ ದೂರದ ಉತ್ತರದಿಂದ ಬಂದ ಹ್ಯಾರಿಯರ್ ಹದ್ದೊಂದು ಹುಲ್ಲಿನ ಮೇಲೆ ತೀರ ಕೆಳಗೆ ತೇಲುತ್ತಿರುವುದನ್ನು ಅವನು ಉಸಿರು ಬಿಗಿಹಿಡಿದು ನೋಡುತ್ತಿರುವಾಗ, ಬೆನ್ನ ಹಿಂದೆ ಎಂಟು ಜನ ಪಹಣಿ ಹಿಡಿದು ನಿಂತಿರುತ್ತಾರೆ. ಯಾವ ಸರ್ವೆ ನಂಬರು ಹೋಗುತ್ತದೆ, ಎಕರೆಗೆ ಎಷ್ಟು ಪರಿಹಾರ, ತೆಂಗಿನ ಮರಕ್ಕೆ ಬೇರೆ ಲೆಕ್ಕವೇ ಎಂಬ ಪ್ರಶ್ನೆಗಳಿಗೆ ‘ಹಕ್ಕಿ ನೋಡ್ತಿದ್ದೆ’ ಎಂಬ ಉತ್ತರ ಕೊಟ್ಟಷ್ಟೂ ಅವನು ಹಿರಿಯ ಅಧಿಕಾರಿಯೆಂಬ ಸಂಶಯ ಬಲಗೊಳ್ಳುತ್ತದೆ.

ಇಲ್ಲಿ ಒಂದು ಅನ್ಯಾಯವನ್ನು ದಾಖಲಿಸಬೇಕು. ಅಮೃತ ಮಹಲ್ ದನ ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ, ಮೈದಡವಿದರೆ ಸಹಿಸುವುದಿಲ್ಲ, ತನ್ನ ಪಾಡಿಗೆ ತಾನು ಬಯಲಿನಲ್ಲಿದ್ದು ಸಮಯ ಬಂದಾಗ ಯಾರೂ ಎಳೆಯದ ಭಾರ ಎಳೆಯುತ್ತದೆ. ಊರು ಇದನ್ನು ತಳಿಯ ಗುಣವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಸರ್ಕಾರ ಅದನ್ನು ಉಳಿಸಲು ಕೇಂದ್ರ ನಡೆಸುತ್ತದೆ. ಇವೇ ಗುಣಗಳು ಎರಡು ಕಾಲಿನ ಪ್ರಾಣಿಯಲ್ಲಿ ಕಂಡರೆ ಮಾತ್ರ ಅದಕ್ಕೆ ಜಂಭವೆಂದು ಹೆಸರು.

ದೇವರ ವೇಷದ ಹವ್ಯಾಸಕ್ಕೆ ತರೀಕೆರೆ ಬಳಿಯ ಅಮೃತಾಪುರವೇ ಕ್ಷೇತ್ರ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಆ ದೇವಾಲಯಕ್ಕೆ ಜನವಿಲ್ಲದ ವಾರದ ದಿನ ನೋಡಿ ಹೋದರೆ ಭಕ್ತಿಯೂ ಆಯಿತು, ಮೌನವೂ ಆಯಿತು ಎಂಬುದು ಅವನ ಲೆಕ್ಕ. ಆದರೆ ಮಂಟಪದ ಗೋಡೆಯ ದಕ್ಷಿಣ ಭಾಗದಲ್ಲಿ ರಾಮಾಯಣದ ಕಥೆಯ ಫಲಕಗಳು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಆದ್ದರಿಂದ ಕಥೆಯನ್ನು ಕ್ರಮವಾಗಿ ನೋಡುವವನು ಪ್ರದಕ್ಷಿಣೆ ಬರುವ ಪ್ರತಿಯೊಬ್ಬರಿಗೂ ಮುಖಾಮುಖಿಯಾಗಲೇಬೇಕು. ಶಿಲ್ಪಿಗಳು ಎಲ್ಲವನ್ನೂ ಯೋಚಿಸಿದ್ದರು, ಅಂತರ್ಮುಖಿಯೊಬ್ಬನನ್ನು ಬಿಟ್ಟು.

ಓದಿನ ವಿಷಯದಲ್ಲಿ ಊರಿನ ಅಸಮಾಧಾನಕ್ಕೆ ಐತಿಹಾಸಿಕ ಆಧಾರವಿದೆಯೆಂದು ಒಪ್ಪಬೇಕು. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಕಾವ್ಯವನ್ನು ಈ ಸೀಮೆಯವರು ತಲೆಮಾರುಗಳ ಕಾಲ ಓದಿದ್ದು ಜಗಲಿಯ ಮೇಲೆ, ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಹೇಳುವ ಗಮಕದ ಪದ್ಧತಿಯಲ್ಲಿ. ಓದೆಂಬುದು ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸವಾಗಿದ್ದ ನೆಲದಲ್ಲಿ, ಒಬ್ಬನೇ ಮೂಲೆಯಲ್ಲಿ ಕುಳಿತು ತುಟಿ ಅಲುಗಿಸದೆ ಪುಟ ತಿರುವಿ ತನ್ನಷ್ಟಕ್ಕೆ ತಾನೇ ನಗುವವನು ಒಂದಿಷ್ಟು ಗಾಬರಿ ಹುಟ್ಟಿಸಿದರೆ ಊರನ್ನು ದೂರುವಂತಿಲ್ಲ.

ಮದುವೆಗಳಿಂದ ಪಾರಾಗುವ ಮಾರ್ಗ ಇಲ್ಲವಾದರೂ ಮದುವೆಯ ಒಳಗೇ ಒಂದು ಸುರಕ್ಷಿತ ಸ್ಥಾನವಿದೆಯೆಂಬುದನ್ನು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದಾನೆ. ಅದು ಮುಯ್ಯಿ ಬರೆಯುವವನ ಕುರ್ಚಿ. ಮುಯ್ಯಿ ಎಂದರೆ ಮದುಮಕ್ಕಳಿಗೆ ಬಂಧುಗಳು ಕೊಡುವ, ಮುಂದೊಂದು ದಿನ ಮರಳಿ ಕೊಡಬೇಕಾದ ಉಡುಗೊರೆ ಹಣ. ಅದನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ದಾಖಲಿಸುವವನು ಹೆಸರು, ಊರು, ಮೊತ್ತ ಎಂಬ ಮೂರಕ್ಕಿಂತ ಹೆಚ್ಚಿನದನ್ನು ಕೇಳಬೇಕಾಗಿಲ್ಲ, ತಲೆ ಎತ್ತಬೇಕಾಗಿಲ್ಲ, ಹಣದ ಮುಂದೆ ಕುಳಿತವನೊಡನೆ ಹರಟೆ ಹೊಡೆಯುವುದನ್ನು ಬಂಧುಗಳೂ ಅನುಚಿತವೆಂದು ಭಾವಿಸುತ್ತಾರೆ.

ಅಂತರ್ಮುಖಿ ಹೆಂಗಸಾಗಿದ್ದರೆ ನೆಪಗಳ ಕೊರತೆ ಇನ್ನೂ ತೀವ್ರವಾಗುತ್ತದೆ. ಅವಳಿಗೆ ರಾತ್ರಿಯ ಮೋಟರಿಲ್ಲ, ಕಾವಲಿಲ್ಲ; ಊರು ಏಳುವ ಮುಂಚಿನ ರಂಗೋಲಿ, ಹೂ ಕಟ್ಟುವ ಹಿತ್ತಲ ಮೆಟ್ಟಿಲು, ಕೆಲವು ಮನೆಗಳಲ್ಲಿ ಮಡಿ, ಇಷ್ಟೇ ಅವಳ ಗೋಪುರ. ಮಡಿಯುಟ್ಟವರನ್ನು ಮುಟ್ಟುವಂತಿಲ್ಲ, ಅಡ್ಡ ಬರುವಂತಿಲ್ಲ ಎಂಬ ಕಟ್ಟುಪಾಡಿನ ಒಳಗೆ ಎಷ್ಟು ಅಜ್ಜಿಯಂದಿರು ಶುದ್ಧಿಗಿಂತ ಹೆಚ್ಚಾಗಿ ಒಂದು ಗಂಟೆಯ ನೆಮ್ಮದಿಯನ್ನು ಕಾಪಾಡಿಕೊಂಡರೆಂಬುದನ್ನು ಯಾವ ಸಮಾಜಶಾಸ್ತ್ರಜ್ಞನೂ ಅವರ ಬಾಯಿಂದ ಹೊರಡಿಸಲಾರನು.

ತನ್ನ ಆರೋಗ್ಯದ ಬಗ್ಗೆ ಅಂತರ್ಮುಖಿ ಗಾಢವಾಗಿ ಚಿಂತಿಸುತ್ತಾನೆ, ಏಕೆಂದರೆ ದಿನಕ್ಕೆ ಹತ್ತು ಬಾರಿ ‘ಯಾಕ್ ಸಪ್ಪಗಿದೀರ, ಹುಷಾರಿಲ್ವಾ?’ ಎಂಬ ಪ್ರಶ್ನೆ ಎದುರಿಸುವ ಯಾರಿಗಾದರೂ ಸಂಜೆಯ ವೇಳೆಗೆ ನಾಡಿ ನೋಡಿಕೊಳ್ಳಬೇಕೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1948ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲಿ ಆರೋಗ್ಯವೆಂದರೆ ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಸುಸ್ಥಿತಿಯೆಂದು ನಿರೂಪಿಸಿರುವುದನ್ನು ಓದಿ, ಮೊದಲ ಎರಡಕ್ಕೆ ತಲೆದೂಗಿ, ಮೂರನೆಯದನ್ನು ಬಹುಶಃ ಅಜ್ಜಂಪುರದವರು ಯಾರೋ ಸೇರಿಸಿರಬೇಕೆಂದು ಅವನು ಶಂಕಿಸುತ್ತಾನೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಐಸೆಂಕ್ ದಂಪತಿಗಳು 1960ರ ದಶಕದಲ್ಲಿ ಜನರ ನಾಲಿಗೆಯ ಮೇಲೆ ನಿಂಬೆರಸದ ಹನಿ ಬಿಟ್ಟು, ಅಂತರ್ಮುಖಿಗಳ ಬಾಯಲ್ಲಿ ಹೆಚ್ಚು ಜೊಲ್ಲು ಬರುತ್ತದೆಂದು ಕಂಡರು. ಅಂತರ್ಮುಖಿಗಳ ಮಿದುಳು ಮೊದಲೇ ಹೆಚ್ಚು ಎಚ್ಚರದ ಮಟ್ಟದಲ್ಲಿ ಇರುವುದರಿಂದ ಹೊರಗಿನ ಗದ್ದಲ ಬೇಗನೆ ವಿಪರೀತವಾಗುತ್ತದೆ ಎಂಬುದು ಐಸೆಂಕರ ವಾದದ ಸಾರ. ಈ ಸಂಗತಿಯನ್ನು ಊರಿನಲ್ಲಿ ಹೇಳಿಕೊಂಡರೆ ಊಟದ ಆಸೆಯವನೆಂಬ ಹೊಸ ಹೆಸರು ಬರುವುದೆಂದು ತಿಳಿದು ಅವನು ಸುಮ್ಮನಿದ್ದಾನೆ. ಏಕಾಂತವನ್ನು ಬಯಸಿ ಪಡೆಯುವುದು ಬೇರೆ, ಜನ ಬೇಕೆನಿಸಿಯೂ ಹತ್ತಿರ ಹೋಗಲಾಗದ ನಾಚಿಕೆ ಬೇರೆ, ಇಷ್ಟದ ಪದಬಂಧವೂ ಬೇಡವಾಗುವ ಖಿನ್ನತೆಯಂತೂ ಚಿಕಿತ್ಸೆ ಬೇಕಾದ ಕಾಯಿಲೆ. ಈ ವ್ಯತ್ಯಾಸ ಗೊತ್ತಿರುವ ಅವನು, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದಾನೆ, ಫೋನಿನಲ್ಲಿ ಮಾತಾಡಬೇಕಾಗುತ್ತದಲ್ಲ ಎಂಬ ಒಂದೇ ಅಳುಕಿನೊಡನೆ.

ಕೊನೆಗೊಮ್ಮೆ ಈ ಜಾತಿಯವನು ಮಗನ ಒತ್ತಾಯಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೋಗುತ್ತಾನೆ. ಅಲ್ಲಿ ಲಿಫ್ಟಿನಲ್ಲಿ ಯಾರೂ ಮುಖ ನೋಡುವುದಿಲ್ಲ, ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ, ಊಟವಾಯಿತೇ ಎಂದು ಕೇಳುವವರಿಲ್ಲ. ಜೀವಮಾನವಿಡೀ ಬಯಸಿದ್ದು ಪುಕ್ಕಟೆಯಾಗಿ ಸಿಕ್ಕಿರುವಾಗ ತಪ್ಪಿಸಿಕೊಳ್ಳಲು ಒಬ್ಬರೂ ಇಲ್ಲದ ಏಕಾಂತವು ಸಪ್ಪೆಯೆನಿಸಿ, ತೋಟದಲ್ಲಿ ಮೋಟರು ಕೆಟ್ಟಿದೆಯೆಂಬ ಹೊಸ ನೆಪ ಕಟ್ಟಿ, ಬೀರೂರು ದಾಟುವ ರೈಲು ಹತ್ತಿ ಅವನು ಊರಿಗೆ ಮರಳುತ್ತಾನೆ. ನಿಲ್ದಾಣದ ಹೊರಗೆ ‘ಯಾವಾಗ ಬಂದ್ರಿ?’ ಎಂದವರಿಗೆ ಒಂದು ವಾಕ್ಯದ ಬದಲು ಅಂದು ಮೂರು ವಾಕ್ಯ ಉತ್ತರ ಹೇಳಿ, ಅವರ ಮನೆಯವರ ಕ್ಷೇಮವನ್ನೂ ತಾನಾಗಿ ವಿಚಾರಿಸಿಬಿಡುತ್ತಾನೆ. ಅವನಿಗೆ ಬೆಂಗಳೂರಿನ ನೀರು ಒಗ್ಗದೆ ಮೈ ಹುಷಾರು ತಪ್ಪಿದೆಯೆಂಬ ಸುದ್ದಿ ಅವನಿಗಿಂತ ಮುಂಚೆ ಮನೆ ತಲುಪಿರುತ್ತದೆ.